ಗೃಹಜ್ಯೋತಿ ಇದ್ರೂ ಬಿಎಲ್‌ಡಿಸಿ ಫ್ಯಾನ್ ಬೇಕಾ?
ಸರ್, ಚೆನ್ನಾಗಿ ಓಡ್ತಿರೋ ಫ್ಯಾನ್ ಬಿಚ್ಚಿ 3000 ರೂಪಾಯಿ ಕೊಟ್ಟು, ಕಮ್ಮಿ ಕರೆಂಟ್ ಎಳೆಯೋ ಬಿಎಲ್‌ಡಿಸಿ ಹಾಕ್ಸೋದು ದಂಡ ಅಲ್ವಾ ಅಂತ ಕೇಳಿದ್ದೀರ. ಹಳೇದು 75 ವ್ಯಾಟ್ ಎಳೆಯುತ್ತೆ, ಇದು 30ರ ಆಸುಪಾಸು, ದಿನಕ್ಕೆ 12 ಗಂಟೆ ಓಡಿದ್ರೆ ತಿಂಗಳಿಗೆ ಸುಮಾರು 16 ಯೂನಿಟ್ ಉಳಿತಾಯ. ಗೃಹಜ್ಯೋತಿ, ಅಂದ್ರೆ ಸರ್ಕಾರದ ಉಚಿತ ಕರೆಂಟ್ ಯೋಜನೇಲಿ ಬಿಲ್ ಸೊನ್ನೆ ಬರೋರಿಗೆ ಇದ್ರಿಂದ ಜೇಬಿಗೆ ಏನೂ ಬರಲ್ಲ, ಅದಕ್ಕೇ ತುಮಕೂರಲ್ಲಿ ನಮ್ಮ ಬೀದೀಲಿ ಯಾರೂ ತಲೆ ಕೆಡಿಸ್ಕೊಳ್ಳಲ್ಲ. ಆದ್ರೆ ನಿಮ್ಗೆ ಬೇಸಿಗೇಲಿ 210 ಯೂನಿಟ್ ಬರುತ್ತೆ ಅಂದ್ರಲ್ಲ, 200 ದಾಟಿದ್ರೆ ಬರೀ ಆ 10ಕ್ಕಲ್ಲ, ಪೂರ್ತಿ 210ಕ್ಕೂ ದುಡ್ಡು ಕಟ್ಬೇಕು, ಸಾವಿರ ರೂಪಾಯಿ ಮೇಲೇನೇ ಆಗುತ್ತೆ. ಈ 16 ಯೂನಿಟ್ ಉಳಿದ್ರೆ 200ರ ಒಳಗೇ ಬರ್ತೀರ, ಹಂಗಾಗಿ ನಿಮ್ಗೆ ಖಂಡಿತ ಲಾಭ. ದಿನವಿಡೀ ಓಡೋ ಹಾಲ್ ಫ್ಯಾನ್ ಒಂದೇ ಬದಲಾಯ್ಸಿ, ಯಾವಾಗ್ಲೋ ಹಾಕೋ ರೂಮಿಂದು ಬಿಡಿ. ರಿಮೋಟ್ ಇರೋದು ತಗೊಂಡ್ರೆ ಗೋಡೆಯ ಹಳೇ ರೆಗ್ಯುಲೇಟರ್ ತೆಗೆದು ನೇರ ಕನೆಕ್ಷನ್ ಕೊಡೋಕೆ ಎಲೆಕ್ಟ್ರೀಷಿಯನ್‌ಗೆ ಮರೀದೆ ಹೇಳಿ.