ರಕ್ತದಲ್ಲಿ ಸಂಚರಿಸುವ ಕ್ಯಾನ್ಸರ್ ಕೋಶಗಳು: ಸೊನ್ನೆ ಬಂದರೆ ನಿಶ್ಚಿಂತೆಯೇ?

ಪ್ರಶ್ನೆ: ನನ್ನ ತಂದೆಯವರಿಗೆ 61 ವರ್ಷ. ಜಠರದ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆಯಾಗಿ ಕೀಮೋಥೆರಪಿಯೂ ಮುಗಿದಿದೆ. ರಕ್ತದಲ್ಲಿರುವ ಕ್ಯಾನ್ಸರ್ ಕೋಶಗಳನ್ನು ಎಣಿಸುವ ಪರೀಕ್ಷೆಯೊಂದಿದ್ದು, ಅದರಲ್ಲಿ ಸೊನ್ನೆ ಬಂದರೆ ಎಂಡೋಸ್ಕೋಪಿ, ಸ್ಕ್ಯಾನ್ ಯಾವುದೂ ಬೇಡವೆಂದು ಪರಿಚಿತರೊಬ್ಬರು ಹೇಳುತ್ತಾರೆ. ಮಾಡಿಸಬಹುದೇ?
– ಓದುಗರು, ಹಾಸನ

ಉತ್ತರ: ಅಂಥ ಪರೀಕ್ಷೆ ಇರುವುದು ನಿಜ, ಆದರೆ ಅದನ್ನು ನೆಚ್ಚಿ ಎಂಡೋಸ್ಕೋಪಿಯನ್ನೂ ಸಿ.ಟಿ. ಸ್ಕ್ಯಾನನ್ನೂ ಕೈಬಿಡುವುದನ್ನು ನಾನು ಖಂಡಿತ ಒಪ್ಪುವುದಿಲ್ಲ.

ಗಡ್ಡೆಯಿಂದ ಕಳಚಿಕೊಂಡ ಕೋಶಗಳು ರಕ್ತಕ್ಕೆ ಸೇರುತ್ತವೆ ಎಂಬುದನ್ನು ಆಸ್ಟ್ರೇಲಿಯಾದ ವೈದ್ಯ ಥಾಮಸ್ ಆಶ್‌ವರ್ತ್ 1869ರಲ್ಲೇ ಗುರುತಿಸಿದ್ದರು. ಅವುಗಳನ್ನು ಹುಡುಕುವುದೇ ಕಷ್ಟ. ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು 500 ಕೋಟಿ ಕೆಂಪು ರಕ್ತಕಣಗಳೂ ಲಕ್ಷಗಟ್ಟಲೆ ಬಿಳಿ ರಕ್ತಕಣಗಳೂ ಇರುವಾಗ, ಕ್ಯಾನ್ಸರ್ ಹರಡಿದ ರೋಗಿಯಲ್ಲಿಯೂ ಈ ಕೋಶಗಳು ಬೆರಳೆಣಿಕೆಯಷ್ಟೇ ಸಿಗಬಹುದು. ಹೆಚ್ಚು ಬಳಕೆಯಲ್ಲಿರುವ ಸೆಲ್‌ಸರ್ಚ್ ವಿಧಾನದಲ್ಲಿ 7.5 ಮಿಲಿಲೀಟರ್ ರಕ್ತಕ್ಕೆ ಅತಿಸೂಕ್ಷ್ಮ ಕಾಂತೀಯ ಕಣಗಳನ್ನು ಬೆರೆಸುತ್ತಾರೆ. ಆ ಕಣಗಳಿಗೆ ಲೇಪಿಸಿದ ಪ್ರತಿಕಾಯಗಳು ಎಪ್‌ಕ್ಯಾಮ್ ಎಂಬ ಪ್ರೋಟೀನನ್ನು ಮೇಲ್ಮೈಯಲ್ಲಿ ಹೊತ್ತ ಕೋಶಗಳಿಗೆ ಅಂಟಿಕೊಳ್ಳುವುದರಿಂದ, ಅವುಗಳನ್ನು ಆಯಸ್ಕಾಂತದಿಂದ ಬೇರ್ಪಡಿಸಿ, ಬಿಳಿ ರಕ್ತಕಣಗಳಲ್ಲವೆಂದು ಖಚಿತಪಡಿಸಿಕೊಂಡು ಎಣಿಸಲಾಗುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇದಕ್ಕೆ 2004ರಲ್ಲಿ ಹರಡಿದ ಸ್ತನ ಕ್ಯಾನ್ಸರ್‌ಗಾಗಿ, ಆಮೇಲೆ ದೊಡ್ಡ ಕರುಳು ಮತ್ತು ಪ್ರಾಸ್ಟೇಟ್ ಕ್ಯಾನ್ಸರ್‌ಗಳಿಗಾಗಿ ಅನುಮತಿ ನೀಡಿತು. ಜಠರದ ಕ್ಯಾನ್ಸರ್ ಆ ಪಟ್ಟಿಯಲ್ಲಿರಲಿಲ್ಲ.

ಜಠರದ ವಿಷಯದಲ್ಲಿ ಸೊನ್ನೆಯನ್ನು ನಂಬಲಾಗದಿರುವುದಕ್ಕೆ ದೇಹರಚನೆಯಲ್ಲೇ ಕಾರಣವಿದೆ. ಜಠರದಿಂದ ಹೊರಡುವ ರಕ್ತ ಬಹುಮಟ್ಟಿಗೆ ಮೊದಲು ಯಕೃತ್ತಿಗೆ ಹೋಗುತ್ತದೆ. ಅಲ್ಲಿ ಅನೇಕ ಕೋಶಗಳು ಸಿಕ್ಕಿಕೊಳ್ಳುವುದರಿಂದ ತೋಳಿನ ರಕ್ತನಾಳದಲ್ಲಿ ಅವು ಕಾಣದೇ ಹೋಗಬಹುದು. ಮೇಲಾಗಿ ಈ ಕ್ಯಾನ್ಸರ್ ರಕ್ತದ ದಾರಿಯನ್ನೇ ಹಿಡಿಯದೆ, ಹೊಟ್ಟೆಯ ಒಳಪೊರೆಯ ಮೇಲೆ ನೇರವಾಗಿ ಹರಡುವುದೂ ಉಂಟು. ಇನ್ನು ಕೆಲವು ಕೋಶಗಳು ಗಡ್ಡೆಯನ್ನು ಬಿಟ್ಟು ಸಂಚರಿಸುವ ಹಂತದಲ್ಲಿ ಎಪ್‌ಕ್ಯಾಮನ್ನು ಕಳೆದುಕೊಂಡು ಪರೀಕ್ಷೆಯಿಂದ ತಪ್ಪಿಸಿಕೊಳ್ಳುತ್ತವೆ.

ಹಾಗೆಂದು ಎಣಿಕೆ ಅರ್ಥಹೀನವಲ್ಲ. ಇಂಥ ಕೋಶಗಳು ಹೆಚ್ಚಾಗಿ ಕಂಡ ಜಠರ ಕ್ಯಾನ್ಸರ್ ರೋಗಿಗಳಲ್ಲಿ ರೋಗ ಮರುಕಳಿಸುವ ಸಂಭವ ಹೆಚ್ಚೆಂದು ಅಧ್ಯಯನಗಳು ತೋರಿಸಿವೆ. ಆದರೆ ಅದು ರೋಗಿಗಳ ಗುಂಪಿಗೆ ಅನ್ವಯಿಸುವ ಮಾತು; ಆ ಸಂಖ್ಯೆಯೊಂದನ್ನೇ ನೋಡಿ ನಿಮ್ಮ ತಂದೆಯವರ ಚಿಕಿತ್ಸೆಯನ್ನು ಬದಲಿಸುವ ಪದ್ಧತಿ ಸದ್ಯಕ್ಕಿಲ್ಲ. ಆದ್ದರಿಂದ ಹಣ ಕಟ್ಟುವ ಮುನ್ನ, ಫಲಿತಾಂಶ ಏನೇ ಬಂದರೂ ಮುಂದಿನ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ ಎಂದು ಅವರನ್ನು ನೋಡುತ್ತಿರುವ ಕ್ಯಾನ್ಸರ್ ತಜ್ಞರನ್ನೇ ಕೇಳಿ. ಏನೂ ಬದಲಾಗದು ಎಂದಾದರೆ ಆ ಹಣ ಅವರ ಆಹಾರಕ್ಕೂ ನಿಯಮಿತ ತಪಾಸಣೆಗೂ ಇರಲಿ.

ಪ್ರಶ್ನೆ: ಬಯಾಪ್ಸಿಗಾಗಿ ಚೂರು ತೆಗೆದರೆ ಕೋಶಗಳು ರಕ್ತಕ್ಕೆ ಸೇರಿ ಕ್ಯಾನ್ಸರ್ ಹರಡುವುದಿಲ್ಲವೇ?
– ಓದುಗರು, ಧಾರವಾಡ

ಉತ್ತರ: ಈ ಭಯದಿಂದಲೇ ಎಷ್ಟೋ ಕುಟುಂಬಗಳು ತಿಂಗಳುಗಟ್ಟಲೆ ತಡಮಾಡುತ್ತವೆ ಎಂಬುದು ನನಗೆ ಬಹಳ ನೋವಿನ ಸಂಗತಿ. ಬಯಾಪ್ಸಿ ಮಾಡದಿದ್ದರೂ ಗಡ್ಡೆಯಿಂದ ಕೋಶಗಳು ಕಳಚಿಕೊಳ್ಳುತ್ತಲೇ ಇರುತ್ತವೆ. ರಕ್ತಕ್ಕೆ ಸೇರಿದವುಗಳಲ್ಲಿ ಬಹುಪಾಲು ಹೆಚ್ಚು ಕಾಲ ಬದುಕುವುದಿಲ್ಲ. ಜಠರದ ಕ್ಯಾನ್ಸರ್‌ನಲ್ಲಿ ಎಂಡೋಸ್ಕೋಪಿಯಲ್ಲಿ ಚೂರು ತೆಗೆಯದೆ ರೋಗ ಖಚಿತವಾಗುವುದಿಲ್ಲ, ಕೆಲವು ಕ್ಯಾನ್ಸರ್ ಕೋಶಗಳ ಮೇಲೆ ಹೆಚ್ಚಾಗಿರುವ ಹರ್‌2 ಎಂಬ ಪ್ರೋಟೀನ್ ಇದೆಯೇ ಎಂದು ನೋಡಿ ಟ್ರಾಸ್ಟುಜುಮಾಬ್‌ನಂಥ ಔಷಧವನ್ನು ನಿರ್ಧರಿಸುವುದಕ್ಕೂ ಅದೇ ಚೂರು ಬೇಕು. ವೈದ್ಯರು ಸೂಚಿಸಿದ್ದರೆ ಈ ವಾರವೇ ಮಾಡಿಸಿಕೊಳ್ಳಿ.