ಡೈರಿ ಪುಸ್ತಕವಾಗುವುದು ಎಲ್ಲಿಂದ?

ಸ್ವಂತ ಅನುಭವವನ್ನು ಪುಸ್ತಕ ಮಾಡಹೊರಟ ಓದುಗಿಯರ ಪತ್ರಗಳು ಈ ಸಲ ಹೆಚ್ಚು ಬಂದಿವೆ. ಒಂದೇ ಬಗೆಯವನ್ನು ಒಟ್ಟು ಸೇರಿಸಿ, ಹೆಸರು ಬಿಟ್ಟು, ಉತ್ತರಿಸಿದ್ದೇವೆ.

ಪ್ರಶ್ನೆ: ಇಪ್ಪತ್ತೆರಡು ವರ್ಷಗಳಿಂದ ಡೈರಿ ಬರೆಯುತ್ತಿದ್ದೇನೆ. ಹದಿನಾಲ್ಕು ನೋಟ್‌ಬುಕ್ ತುಂಬಿವೆ. ‘ಹಾಗೇ ಟೈಪ್ ಮಾಡಿಸಿ ಪುಸ್ತಕ ಮಾಡಿಬಿಡಮ್ಮ’ ಎನ್ನುತ್ತಾಳೆ ಮಗಳು. ಮಾಡಬಹುದೇ?

ಹಾಗೇ ಬೇಡ. ಡೈರಿ ಬರೆಯುವವರಿಗೆ ಎಲ್ಲವೂ ಗೊತ್ತಿರುತ್ತದೆ, ಓದುವವರಿಗೆ ಏನೂ ಗೊತ್ತಿರುವುದಿಲ್ಲ. ‘ಇವತ್ತೂ ಅದೇ ರಗಳೆ’ ಎಂಬ ಸಾಲು ನಿಮಗೆ ಇಡೀ ಒಂದು ಸಂಜೆಯನ್ನು ಕಣ್ಣಮುಂದೆ ತರಬಹುದು. ಹೊರಗಿನವರಿಗೆ ಅದು ಮೂರು ಪದ, ಅಷ್ಟೇ.

ಜಗತ್ತಿನ ಅತಿ ಪ್ರಸಿದ್ಧ ಡೈರಿಯೂ ‘ಹಾಗೇ’ ಅಚ್ಚಾದದ್ದಲ್ಲ. ಯುದ್ಧಕಾಲದ ಡೈರಿ, ಪತ್ರಗಳನ್ನು ಜೋಪಾನ ಮಾಡಿ ಎಂದು ಡಚ್ ಮಂತ್ರಿಯೊಬ್ಬರು 1944ರ ಮಾರ್ಚ್‌ನಲ್ಲಿ ಲಂಡನ್‌ನಿಂದ ರೇಡಿಯೊದಲ್ಲಿ ಹೇಳಿದ್ದನ್ನು ನಾಜಿಗಳ ಕಣ್ಣುತಪ್ಪಿಸಿ ಅಡಗಿದ್ದ ಯಹೂದಿ ಹುಡುಗಿ ಆನ್ ಫ್ರಾಂಕ್ ಕೇಳಿಸಿಕೊಂಡಳು. ಮೇ ತಿಂಗಳಿಂದ ತನ್ನ ಡೈರಿಯನ್ನು ಬಿಡಿ ಹಾಳೆಗಳ ಮೇಲೆ ಹೊಸದಾಗಿ ಬರೆಯತೊಡಗಿದಳು. ಕೆಲವು ದಿನಗಳನ್ನು ಕೈಬಿಟ್ಟಳು, ಕೆಲವನ್ನು ಹಿಗ್ಗಿಸಿದಳು, ಜೊತೆಗಿದ್ದವರಿಗೆ ಬದಲಿ ಹೆಸರುಗಳ ಪಟ್ಟಿ ಮಾಡಿಕೊಂಡಳು. 1947ರಲ್ಲಿ ಹೊರಬಂದ ಪುಸ್ತಕ ಈ ಎರಡೂ ಪ್ರತಿಗಳನ್ನು ಸೇರಿಸಿ ಕಟ್ಟಿದ್ದು. ಅಡಗುತಾಣದಲ್ಲಿದ್ದ ಹದಿನಾಲ್ಕರ ಹುಡುಗಿ ತಿದ್ದಿ ಬರೆದಿದ್ದಾಳೆ ಎಂದಮೇಲೆ ನಾವು ನೀವು ತಪ್ಪಿಸಿಕೊಳ್ಳುವ ಹಾಗಿಲ್ಲ.

ಮೊದಲು ಹದಿನಾಲ್ಕನ್ನೂ ಪೆನ್ಸಿಲ್ ಹಿಡಿದು ಓದಿ. ಏನನ್ನೂ ತಿದ್ದಬೇಡಿ. ಒಂದು ಬೇರೆ ನೋಟ್‌ಬುಕ್‌ನಲ್ಲಿ ಮೂರು ಕಲಂ ಹಾಕಿ: ತಾರೀಕು, ನಡೆದದ್ದೇನು (ಒಂದೇ ಸಾಲು), ಅಲ್ಲಿ ಯಾರಿದ್ದರು. ಓದುವಾಗ ಎದೆ ಹೊಡೆದುಕೊಂಡ ಪುಟಕ್ಕೆ ಒಂದು ಚುಕ್ಕೆ ಇಡಿ. ಮುಗಿದಮೇಲೆ ಚುಕ್ಕೆಗಳು ಎಲ್ಲಿ ಗುಂಪುಗೂಡಿವೆ ನೋಡಿ. ಬಹುತೇಕ ಅವು ಇಪ್ಪತ್ತೆರಡು ವರ್ಷಗಳಲ್ಲಿ ಹರಡಿರುವುದಿಲ್ಲ, ಎರಡೋ ಮೂರೋ ವರ್ಷಗಳ ಸುತ್ತ ಮುತ್ತಿಕೊಂಡಿರುತ್ತವೆ. ನಿಮ್ಮ ಪುಸ್ತಕ ಇರುವುದು ಅಲ್ಲೇ. ಹುಟ್ಟಿದ ದಿನದಿಂದ ಶುರುಮಾಡಿ ಇವತ್ತಿನವರೆಗೆ ಬರೆಯುವುದು ಆತ್ಮಕಥೆ. ಬದುಕಿನ ಒಂದು ಪಾಲನ್ನು ತೆಗೆದುಕೊಂಡು ಬರೆಯುವುದು ನೆನಪಿನ ಕಥನ. ಮೊದಲ ಪುಸ್ತಕಕ್ಕೆ ಎರಡನೆಯದೇ ವಾಸಿ. ಎಲ್ಲವನ್ನೂ ಹೇಳಹೊರಟ ಹಸ್ತಪ್ರತಿಗಳು ಸಾಮಾನ್ಯವಾಗಿ ಬಾಲ್ಯ ಮುಗಿಯುವ ಹೊತ್ತಿಗೇ ಸುಸ್ತಾಗಿ ನಿಲ್ಲುತ್ತವೆ.

ಅಳತೆ ಬೇಕಿದ್ದರೆ ಇದು: ಅಧ್ಯಾಯಕ್ಕೆ 1,500ರಿಂದ 2,500 ಪದ, ಒಟ್ಟು ಹದಿನೆಂಟು–ಇಪ್ಪತ್ತು ಅಧ್ಯಾಯ, ಸುಮಾರು 40,000 ಪದ. ಡೆಮಿ ಅಷ್ಟಮ ಆಕಾರದಲ್ಲಿ (ಸಾಮಾನ್ಯ ಕಾದಂಬರಿಯ ಅಳತೆ) ಪುಟಕ್ಕೆ 230 ಪದದಂತೆ ಹಿಡಿದರೆ ಹತ್ತಿರ ಹತ್ತಿರ 175 ಪುಟ.

ಪ್ರಶ್ನೆ: ಕಾಯಿಲೆಯಿಂದ ಎದ್ದು ಬಂದ ಮೇಲೆ ಬರೆಯಲೇಬೇಕು ಅನ್ನಿಸಿದೆ. ಆದರೆ ಕೂತರೆ ಅಳು ಬರುತ್ತದೆ, ಇಲ್ಲವೇ ‘ತುಂಬಾ ಕಷ್ಟಪಟ್ಟೆ’ ಎಂಬಲ್ಲಿಗೆ ನಿಲ್ಲುತ್ತದೆ.

ಎರಡೂ ಬೇರೆ ಬೇರೆ ತೊಂದರೆ.

ಅಳುವಿನ ಬಗ್ಗೆ: ನೋವಿನ ಅನುಭವ ಬರೆದ ತಕ್ಷಣ ಮನಸ್ಸು ಹಗುರವಾಗುತ್ತದೆ ಎಂದು ನಂಬಿರುತ್ತೇವೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ದಿನಕ್ಕೆ 15 ನಿಮಿಷದಂತೆ ನಾಲ್ಕು ದಿನ ಹೀಗೆ ಬರೆದರು. ಬರೆದ ಕೂಡಲೇ ಅವರ ಮನಸ್ಸು ಇನ್ನಷ್ಟು ಕೆಟ್ಟಿತ್ತು. ಹಾಗಾಗಿ ಅಳು ಬಂತೆಂದು ಬರಹ ಕೆಟ್ಟಿತು ಎಂದುಕೊಳ್ಳಬೇಡಿ. ಗಡಿಯಾರ ಇಟ್ಟುಕೊಂಡು 15–20 ನಿಮಿಷ ಬರೆದು ಎದ್ದುಬಿಡಿ. ಎದ್ದಮೇಲೆ ಮಾಡಲು ಕೈಕೆಲಸವೊಂದನ್ನು ಮೊದಲೇ ಗೊತ್ತುಮಾಡಿಕೊಂಡಿರಿ. ರಾತ್ರಿ ಮಲಗುವ ಮುಂಚೆ ಮಾತ್ರ ಬೇಡ. ದಿನಗಟ್ಟಲೆ ನಿದ್ದೆ ಕೆಟ್ಟರೆ ಬರಹವನ್ನು ಬದಿಗಿಟ್ಟು ವೈದ್ಯರಿಗೆ ಹೇಳಿ. ಪುಸ್ತಕ ಕಾಯುತ್ತದೆ.

ಇನ್ನು ‘ತುಂಬಾ ಕಷ್ಟಪಟ್ಟೆ’. ಇದು ತೀರ್ಮಾನ. ಓದುವವರಿಗೆ ಬೇಕಾದದ್ದು ಆ ತೀರ್ಮಾನಕ್ಕೆ ನೀವು ಬಂದ ಕ್ಷಣ. ಉದಾಹರಣೆಗೆ ನಾವೇ ಕಟ್ಟಿದ ಒಂದು ತುಣುಕು:

‘ವರದಿ ಬಂದ ದಿನ ತುಂಬಾ ಹೆದರಿದೆ. ಏನು ಮಾಡಬೇಕೋ ತೋಚಲಿಲ್ಲ.’

ತಿದ್ದಿದ ಮೇಲೆ: ‘ಲಕೋಟೆ ಒಡೆಯದೆ ಚೀಲದಲ್ಲಿಟ್ಟುಕೊಂಡೆ. ಲಿಫ್ಟ್ ಇದ್ದರೂ ಮೆಟ್ಟಿಲು ಇಳಿದೆ. ಎರಡನೇ ಮಹಡಿಯಲ್ಲಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡೆ. ಪಟ್ಟಿ ಸರಿಯಾಗಿಯೇ ಇತ್ತು.’

‘ಹೆದರಿದೆ’ ಎಂಬ ಮಾತು ಎರಡನೆಯದರಲ್ಲಿ ಇಲ್ಲ. ಬೇಕೂ ಆಗಿಲ್ಲ. ನಿಮ್ಮ ಕರಡಿನಲ್ಲಿ ‘ತುಂಬಾ’, ‘ಹೇಳತೀರದ’, ‘ಮಾತಿನಲ್ಲಿ ಹೇಳಲಾಗದ’ ಎಂದಿರುವ ಕಡೆಯೆಲ್ಲ ಗೆರೆ ಎಳೆಯಿರಿ. ನಿಮ್ಮ ಕೈ ಆಗ ಏನು ಮಾಡುತ್ತಿತ್ತು ಎಂದು ಒಂದೊಂದು ಗೆರೆಯ ಪಕ್ಕವೂ ಬರೆಯಿರಿ. ನೆನಪಾಗದಿದ್ದರೆ ಹಳೆಯ ವರದಿ, ಚೀಟಿ, ಫೋನಿನ ಸಂದೇಶ, ಫೋಟೊಗಳ ತಾರೀಕು ತೆಗೆದು ನೋಡಿ. ಆಗಲೂ ಬರದಿದ್ದರೆ ‘ಇದು ನನಗೆ ನೆನಪಿಲ್ಲ’ ಎಂದು ಪುಸ್ತಕದಲ್ಲೇ ಬರೆಯಿರಿ. ಅಂಥ ಸಾಲು ಸುತ್ತಲಿನ ಸಾಲುಗಳಿಗೂ ನಂಬಿಕೆ ತರುತ್ತದೆ. ಹಳೆಯ ಮಾತುಕತೆಯನ್ನು ಅಕ್ಷರಶಃ ಬರೆಯಲಾಗದು, ಯಾರಿಂದಲೂ ಆಗದು. ಆದರೆ ಆಡಿದವರ ಧಾಟಿ ಬಿಡಬೇಡಿ, ಅವರು ಆಡದ ಅಭಿಪ್ರಾಯವನ್ನು ಅವರ ಬಾಯಿಗೆ ತುರುಕಬೇಡಿ.

ಪ್ರಶ್ನೆ: ಗಂಡನ ಮನೆಯವರ ವಿಷಯ ಬರೆಯದೆ ನನ್ನ ಕಥೆಯೇ ಇಲ್ಲ. ಹೆಸರು ಬದಲಿಸಿದರೆ ಸಾಕೇ? ‘ಇಲ್ಲಿನ ಪಾತ್ರಗಳು ಕಾಲ್ಪನಿಕ’ ಎಂದು ಹಾಕಿದರೆ?

ಈ ಪ್ರಶ್ನೆಯೇ ಅತಿ ಹೆಚ್ಚು ಬಂದಿದೆ. ಹೆಸರು ಬದಲಿಸಿದರೆ ಸಾಲದು. ನಿಮ್ಮ ಹೆಸರು ಮುಖಪುಟದಲ್ಲಿ ಇರುವಾಗ ‘ಅತ್ತೆ’ ಯಾರೆಂದು ಕಂಡುಹಿಡಿಯಲು ಯಾರಿಗೆ ಎಷ್ಟು ಹೊತ್ತು ಬೇಕು? ಕಾಲ್ಪನಿಕ ಎಂಬ ಒಂದು ಸಾಲು ಗುರುತಾಗುವ ವ್ಯಕ್ತಿಯನ್ನು ಗುರುತಾಗದಂತೆ ಮಾಡುವುದಿಲ್ಲ. ನೆನಪಿನ ಕಥನದ ಮೇಲೆ ಆ ಸಾಲು ಹಾಕುವುದಂತೂ ನಿಮ್ಮದೇ ಮಾತನ್ನು ನೀವೇ ಅಳಿಸಿಕೊಂಡಂತೆ.

ಅಮೆರಿಕದ ಕವಯಿತ್ರಿ ಸಿಲ್ವಿಯಾ ಪ್ಲಾತ್ ತನ್ನ ಬದುಕಿನಿಂದ ಎತ್ತಿಕೊಂಡ ಕಾದಂಬರಿ ‘ದಿ ಬೆಲ್ ಜಾರ್’ ಅನ್ನು 1963ರಲ್ಲಿ ವಿಕ್ಟೋರಿಯಾ ಲೂಕಸ್ ಎಂಬ ಹೆಸರಲ್ಲಿ ತಂದಳು. ಪಾತ್ರಗಳ ಹೆಸರೂ ಬೇರೆಯವೇ. ಆದರೂ ಅದನ್ನು ಆಧರಿಸಿದ 1979ರ ಸಿನಿಮಾದ ಪಾತ್ರವೊಂದು ತನ್ನನ್ನೇ ಹೋಲುತ್ತದೆ ಎಂದು ಮನೋವೈದ್ಯೆಯೊಬ್ಬರು ಮಾನನಷ್ಟದ ಮೊಕದ್ದಮೆ ಹೂಡಿದರು. 1987ರಲ್ಲಿ ಅದು ರಾಜಿಯಲ್ಲಿ ಮುಗಿಯಿತು.

ಮಾಡಬಹುದಾದದ್ದು ಹೀಗೆ. ಮೊದಲ ಕರಡನ್ನು ಯಾರ ಮುಲಾಜೂ ಇಲ್ಲದೆ, ನಿಜ ಹೆಸರಿನಲ್ಲೇ ಬರೆದು ಮುಗಿಸಿ. ಬರೆಯುವಾಗಲೇ ಹೆದರಿದರೆ ಅಧ್ಯಾಯವೇ ಸೊರಗುತ್ತದೆ. ಎರಡನೇ ಕರಡಿನಲ್ಲಿ ಒಬ್ಬೊಬ್ಬರನ್ನೇ ತೆಗೆದುಕೊಂಡು ಕೇಳಿ: ಇವರಿಲ್ಲದೆ ಕಥೆ ನಡೆಯುತ್ತದೆಯೇ? ನಡೆಯುವುದಾದರೆ ತೆಗೆಯಿರಿ. ಪರಿಚಿತರು, ಸಹೋದ್ಯೋಗಿಗಳಾದರೆ ಹೆಸರಿನ ಜೊತೆ ಕೆಲಸ, ವಯಸ್ಸು, ನಿಮಗಿರುವ ಸಂಬಂಧ ಇವುಗಳಲ್ಲಿ ಎರಡನ್ನಾದರೂ ಬದಲಿಸಿ. ಮನೆಯವರ ವಿಷಯದಲ್ಲಿ ಇದು ನಡೆಯದು, ಅಲ್ಲಿ ವಾಕ್ಯವನ್ನೇ ತೂಗಬೇಕು. ‘ಅವರು ಕ್ರೂರಿ’ ಎಂಬುದು ಆರೋಪ. ‘ಮೂರು ತಿಂಗಳು ನನ್ನೊಡನೆ ಮಾತಾಡಲಿಲ್ಲ’ ಎಂಬುದು ನಡೆದ ಸಂಗತಿ, ನಿಮ್ಮಲ್ಲಿ ಆಧಾರವಿದ್ದರೆ ನಿಲ್ಲುತ್ತದೆ. ಇನ್ನೊಬ್ಬರ ಕಾಯಿಲೆ, ದಾಂಪತ್ಯ, ಸಾಲದ ಗುಟ್ಟು ನಿಜವೇ ಆಗಿದ್ದರೂ ಅದು ಅವರ ಖಾಸಗಿ ವಿಷಯ. ಅಪರಾಧದ ಆರೋಪವಿರುವ ಪುಟಗಳನ್ನು ವಕೀಲರಿಗೆ ತೋರಿಸದೆ ಅಚ್ಚಿಗೆ ಕೊಡಬೇಡಿ. ಕಾನೂನು ದೇಶದಿಂದ ದೇಶಕ್ಕೆ ಬೇರೆ.

ಇನ್ನೊಂದು ದಾರಿ ಕಾದಂಬರಿ. ಅಮೆರಿಕದ ಲೇಖಕಿ ಲಾರಾ ಇಂಗಲ್ಸ್ ವೈಲ್ಡರ್ ತನ್ನ ಬಾಲ್ಯದ ನೆನಪುಗಳನ್ನು ನೇರವಾಗಿ ಬರೆದಾಗ ಪ್ರಕಾಶಕರು ಒಪ್ಪಲಿಲ್ಲ. ಅದೇ ಸರಕನ್ನು ಮಕ್ಕಳ ಕಾದಂಬರಿ ಮಾಡಿದಳು. ಮೊದಲನೆಯದು 1932ರಲ್ಲಿ ಬಂದಾಗ ಅವಳಿಗೆ 65. ಮೊದಲಿನ ಹಸ್ತಪ್ರತಿ ಅಚ್ಚಾದದ್ದು 2014ರಲ್ಲಿ! ಆದರೆ ಕಾದಂಬರಿ ಅಂದರೆ ನಿಜವಾಗಿ ಕಾದಂಬರಿ: ಇಬ್ಬರನ್ನು ಒಬ್ಬರಾಗಿಸುವುದು, ಘಟನೆಯ ಕ್ರಮ ಬದಲಿಸುವುದು, ನಡೆಯದ್ದನ್ನು ನಡೆಸುವುದು. ಹೆಸರು ತೆಗೆದ ಆತ್ಮಕಥೆ ಕಾದಂಬರಿಯಲ್ಲ.

ಒಂದು ವಿಷಯವನ್ನು ಬಹಳ ಜನ ಮರೆಯುತ್ತಾರೆ. ನಿಮಗೆ ಬಂದ ಪತ್ರದ ಕಾಗದ ನಿಮ್ಮದು, ಒಳಗಿನ ಮಾತಿನ ಹಕ್ಕು ಬರೆದವರದು. ಪೂರ್ತಿ ಪತ್ರ ಅಚ್ಚು ಹಾಕಲು ಅವರ ಅಥವಾ ಅವರ ವಾರಸುದಾರರ ಲಿಖಿತ ಒಪ್ಪಿಗೆ ಬೇಕು. ಫೋಟೊಗಳ ಹಕ್ಕೂ ಸಾಮಾನ್ಯವಾಗಿ ತೆಗೆದವರದು, ಅದರಲ್ಲಿ ನೀವಿದ್ದೀರಿ ಎಂಬುದು ಲೆಕ್ಕಕ್ಕಿಲ್ಲ.

ಪ್ರಶ್ನೆ: ನಾನು ಓದಿದ್ದು ಏಳನೇ ತರಗತಿ. ಕಾಗುಣಿತ ತಪ್ಪುತ್ತದೆ. ಬರೆದರೆ ನಗುವುದಿಲ್ಲವೇ?

ಬಂಗಾಳದ ರಾಸಸುಂದರಿ ದೇವಿ ಹತ್ತೊಂಬತ್ತನೇ ಶತಮಾನದಲ್ಲಿ, ಮಗನ ಬರವಣಿಗೆಯ ತಾಳೆಗರಿಯನ್ನೂ ಪೋಥಿಯ (ಧಾರ್ಮಿಕ ಗ್ರಂಥದ) ಒಂದು ಹಾಳೆಯನ್ನೂ ಅಡುಗೆಮನೆಯಲ್ಲಿ ಬಚ್ಚಿಟ್ಟುಕೊಂಡು ಅಕ್ಷರ ಕಲಿತು, ಮುಂದೆ ಆತ್ಮಕಥೆ ಬರೆದರು. ನಿಮಗೆ ಏಳು ತರಗತಿ ಇದೆ. ಕಾಗುಣಿತ ತಿದ್ದಲು ಜನ ಸಿಗುತ್ತಾರೆ. ಫೋನಿನ ಧ್ವನಿ ಟೈಪಿಂಗ್‌ನಲ್ಲಿ ಮಾತಾಡಿ ಬರೆಸಬಹುದು, ಐದೈದು ನಿಮಿಷದ ತುಣುಕುಗಳಾಗಿ ಮಾಡಿ. ಅದು ಪೂರ್ಣವಿರಾಮವನ್ನು ಸರಿಯಾಗಿ ಹಾಕದಿರಬಹುದು, ಹೆಸರುಗಳನ್ನು ಕೆಡಿಸಬಹುದು. ಅದೇ ದಿನ ತಿದ್ದದಿದ್ದರೆ ವಾರದ ನಂತರ ನಿಮಗೇ ಅರ್ಥವಾಗದು. ತಿದ್ದುವವರಿಗೆ ಮೊದಲೇ ಹೇಳಿಡಿ: ಕಾಗುಣಿತ ತಿದ್ದಿ, ನನ್ನ ಮಾತಿನ ವರಸೆ ತಿದ್ದಬೇಡಿ.

ಪ್ರಶ್ನೆ: ಹಸ್ತಪ್ರತಿ ಸಿದ್ಧವಿದೆ. ಒಬ್ಬರು ‘ಖರ್ಚು ನೀವು ಹಾಕಿ, ನಾವು ಪ್ರಕಟಿಸುತ್ತೇವೆ’ ಎನ್ನುತ್ತಾರೆ. ಮುಂದೇನು?

ಖರ್ಚು ಪ್ರಕಾಶಕರದಾದರೆ ಅದು ಪ್ರಕಾಶನ. ನಿಮ್ಮದಾದರೆ ಅದು ನೀವು ಕೊಳ್ಳುವ ಸೇವೆ. ಎರಡನೆಯದರಲ್ಲಿ ಅವಮಾನವೇನಿಲ್ಲ, ಆದರೆ ಹಣವೂ ನಿಮ್ಮದು, ಹಕ್ಕು ಅವರದು ಎಂಬ ಒಪ್ಪಂದಕ್ಕೆ ಮಾತ್ರ ಸಹಿ ಬೇಡ. ಕೃತಿಸ್ವಾಮ್ಯದ ಅಂತರರಾಷ್ಟ್ರೀಯ ಒಪ್ಪಂದವಾದ ಬರ್ನ್ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ ಬರೆದ ಕ್ಷಣದಿಂದಲೇ ಕೃತಿಸ್ವಾಮ್ಯ ಬರೆದವರದು, ಅದಕ್ಕೆ ನೋಂದಣಿ ಬೇಕಿಲ್ಲ. ಐಎಸ್‌ಬಿಎನ್ ಬೇರೆ ಸಂಗತಿ: ಅದು ಪುಸ್ತಕ ಗುರುತಿಸುವ 13 ಅಂಕಿಗಳ ಸಂಖ್ಯೆ, ಹಕ್ಕುಪತ್ರವಲ್ಲ.

ಒಪ್ಪಂದದಲ್ಲಿ ಹುಡುಕಬೇಕಾದ್ದು: ಎಷ್ಟು ವರ್ಷಕ್ಕೆ, ಎಷ್ಟು ಪ್ರತಿಗೆ, ಯಾವ ಭಾಷೆಗೆ. ಅನುವಾದ, ಇ-ಪುಸ್ತಕ, ಆಡಿಯೊ, ಸಿನಿಮಾ ಹಕ್ಕುಗಳ ಹೆಸರು ಬಿಡಿಬಿಡಿಯಾಗಿ ಇರಲಿ. ‘ಎಲ್ಲ ಹಕ್ಕುಗಳು’ ಎಂಬಲ್ಲಿ ಪೆನ್ನು ಕೆಳಗಿಡಿ, ಏಕೆಂದರೆ ಅದು ನಿಮ್ಮ ಬದುಕಿನ ಕಥೆ. ನಾಳೆ ಅದನ್ನು ಯಾರು ಸಿನಿಮಾ ಮಾಡಬೇಕೆಂದು ನೀವೇ ಹೇಳಬೇಕು. ರಾಯಧನ (ರಾಯಲ್ಟಿ) ಮುಖಬೆಲೆಯ ಮೇಲೋ, ಕಮಿಷನ್ ಕಳೆದು ಕೈಗೆ ಬಂದ ಹಣದ ಮೇಲೋ ಎಂದು ಕೇಳಿ. ಶೇಕಡಾ ಹತ್ತು ಎಂಬುದು ಎರಡರಲ್ಲಿ ಬೇರೆ ಬೇರೆ ಮೊತ್ತ. ಪ್ರತಿಗಳು ಮುಗಿದು ಇಷ್ಟು ತಿಂಗಳಲ್ಲಿ ಮರುಮುದ್ರಣ ಆಗದಿದ್ದರೆ ಹಕ್ಕು ವಾಪಸು ಎಂಬ ಸಾಲು ಸೇರಿಸಿಕೊಳ್ಳಿ.

ನೀವೇ ಅಚ್ಚು ಹಾಕಿಸುವುದಾದರೆ ಪ್ರತಿಗಳ ಸಂಖ್ಯೆಯನ್ನು ಹುಮ್ಮಸ್ಸಿನಲ್ಲಿ ಹೇಳಬೇಡಿ. ಕೊಳ್ಳುವವರ ಹೆಸರು ಬರೆದು ಎಣಿಸಿ, ಬಂದದ್ದರ ಅರ್ಧ ಹಿಡಿಯಿರಿ. ಬೇಡಿಕೆಗೆ ತಕ್ಕಂತೆ ಮುದ್ರಣದಲ್ಲಿ ಪ್ರತಿಯೊಂದರ ಖರ್ಚು ಹೆಚ್ಚು, ಮಂಚದ ಕೆಳಗೆ ಕಟ್ಟುಗಳು ಉಳಿಯುವುದಿಲ್ಲ.

ಅಚ್ಚಿನಲ್ಲಿ ಕೆಡುವುದು ಮೂರು ಕಡೆ. ಒಂದು, ಹಳೆಯ ಫಾಂಟಿನಲ್ಲಿ ಟೈಪಾದದ್ದನ್ನು ಎಲ್ಲ ಕಂಪ್ಯೂಟರುಗಳಲ್ಲೂ ಒಂದೇ ಬಗೆಯಾಗಿ ನಡೆಯುವ ಯುನಿಕೋಡ್‌ಗೆ ಬದಲಿಸುವಾಗ ಒತ್ತಕ್ಷರ, ಅರ್ಕಾವತ್ತು ಜಾಗ ತಪ್ಪುತ್ತವೆ. ಕಾರ್ಯ, ಧೈರ್ಯ, ಸೂರ್ಯ ಇರುವ ಸಾಲುಗಳನ್ನು ಹುಡುಕಿ ನೋಡಿ. ಮೊದಲಿಂದಲೇ ಯುನಿಕೋಡ್‌ನಲ್ಲಿ ಟೈಪ್ ಮಾಡಿದರೆ ಈ ತಲೆನೋವಿಲ್ಲ. ಎರಡು, ಪುಟಗಳು 16ರ ಫಾರಂ (ದೊಡ್ಡ ಹಾಳೆಯನ್ನು ಮಡಚಿ ಮಾಡುವ ಕಟ್ಟು) ಲೆಕ್ಕದಲ್ಲಿ ಅಚ್ಚಾಗುತ್ತವೆ. 178 ಪುಟವಾದರೆ 12 ಫಾರಂ, ಅಂದರೆ 192 ಪುಟದ ಕಾಗದ, ಕೊನೆಗೆ 14 ಖಾಲಿ. ಎರಡು ಪುಟ ಕಡಿತ ಮಾಡಿದರೆ 176, ಸರಿಯಾಗಿ 11 ಫಾರಂ. ಮೂರು, ಮುಖಪುಟವನ್ನು ಪುಟಸಂಖ್ಯೆ ನಿಕ್ಕಿಯಾದ ಮೇಲೆ ಮಾಡಿಸಿ. 80 ಜಿಎಸ್‌ಎಂ (ಚದರ ಮೀಟರಿಗೆ ಗ್ರಾಂ ತೂಕ) ಕಾಗದದ ಒಂದು ಹಾಳೆ ಸುಮಾರು 0.1 ಮಿ.ಮೀ. ದಪ್ಪ. 176 ಪುಟ ಅಂದರೆ 88 ಹಾಳೆ, ಬೆನ್ನು 9 ಮಿ.ಮೀ. ಹತ್ತಿರ. ಆಮೇಲೆ ಅಧ್ಯಾಯ ಸೇರಿಸಿದರೆ ಬೆನ್ನಿನ ಮೇಲಿನ ಹೆಸರು ನಡುವಿನಿಂದ ಸರಿದುಹೋಗುತ್ತದೆ.

ಕರಡನ್ನು ಪರದೆಯಲ್ಲಲ್ಲ, ಕಾಗದದ ಮೇಲೆ ತಿದ್ದಿ, ಇನ್ನೊಬ್ಬರಿಂದಲೂ ಓದಿಸಿ. ನಿಮ್ಮದೇ ಕಥೆಯಾದ್ದರಿಂದ ನಿಮ್ಮ ಕಣ್ಣು ಬಿಟ್ಟುಹೋದ ಪದವನ್ನೂ ಇದ್ದಂತೆ ಓದಿಬಿಡುತ್ತದೆ. ಅತಿ ಹೆಚ್ಚು ತಪ್ಪು ಉಳಿಯುವುದು ದೊಡ್ಡ ಅಕ್ಷರದ ಅಧ್ಯಾಯದ ಶೀರ್ಷಿಕೆಗಳಲ್ಲಿ ಮತ್ತು ಬೆನ್ನುಡಿಯಲ್ಲಿ.

ಪ್ರಶ್ನೆ: ಮುನ್ನುಡಿಯನ್ನು ದೊಡ್ಡವರಿಂದಲೇ ಬರೆಸಬೇಕೇ? ಆರು ತಿಂಗಳಿಂದ ಕಾಯುತ್ತಿದ್ದೇನೆ.

ಬೇಕೇಬೇಕು ಎಂದೇನಿಲ್ಲ. ಬರೆಸುವುದಾದರೆ ಎರಡು ಪುಟ, ಒಂದು ತಾರೀಕು ಎಂದು ಮೊದಲೇ ಕೇಳಿಕೊಳ್ಳಿ. ಬಂದಾಗ ಓದಿ ನೋಡಿ: ನಿಮ್ಮ ಕೊನೆಯ ಅಧ್ಯಾಯದಲ್ಲಿ ಆಗುವುದನ್ನು ಅಲ್ಲೇ ಹೇಳಿದ್ದರೆ ಅದನ್ನು ಪುಸ್ತಕದ ಹಿಂದಕ್ಕೆ ಹಾಕಿಸಿ. ಇನ್ನೂ ಬಂದಿಲ್ಲವಾದರೆ ಈ ವಾರ ಒಂದು ಫೋನ್ ಮಾಡಿ, ಹದಿನೈದು ದಿನ ನೋಡಿ, ಅದಿಲ್ಲದೆಯೇ ಅಚ್ಚಿಗೆ ಕೊಡಿ.