ಬಿದ್ದವರ ಹೆಸರಿನ ತಿರುವುಗಳು

ಓದುಗರ ಪತ್ರ:

"ಸಂಪಾದಕರಿಗೆ ನಮಸ್ಕಾರ. ಕಳೆದ ಜೂನಿನಲ್ಲಿ ಮಗಳು-ಅಳಿಯ ನಮ್ಮಿಬ್ಬರನ್ನೂ ಸ್ವಿಟ್ಜರ್ಲೆಂಡಿನ ಯುಂಗ್‌ಫ್ರಾವ್ ಶಿಖರ ನೋಡಲು ಕರೆದೊಯ್ದಿದ್ದರು. ವೆಂಗೆನ್ ಎಂಬ ಊರು ದಾಟಿ ಹಲ್ಲುಚಕ್ರದ ರೈಲು ಗುಡ್ಡ ಏರುತ್ತಿದ್ದಾಗ ಗೈಡ್ ಪಕ್ಕದ ಹುಲ್ಲುಗಾವಲು ತೋರಿಸಿ, 'ಸ್ಕೀ ವಿಶ್ವಕಪ್‌ನ ಅತಿ ಉದ್ದದ ಇಳಿಜಾರು ಓಟ ಜನವರಿಯಲ್ಲಿ ನಡೆಯುವುದು ಇಲ್ಲೇ. ಇದರ ತಿರುವುಗಳಿಗೆ ಬಿದ್ದವರ ಹೆಸರಿಟ್ಟಿದ್ದಾರೆ' ಎಂದ. ನನಗೆ ಕಂಡದ್ದು ಕೊರಳಿಗೆ ಗಂಟೆ ಕಟ್ಟಿಕೊಂಡ ಹಸುಗಳು. ನಿಮ್ಮ ಜನವರಿ ಸಂಚಿಕೆಯಲ್ಲಿ ಆಸ್ಟ್ರಿಯಾದ ಕಿಟ್ಸ್‌ಬ್ಯೂಲ್ ಓಟವೇ ಅತಿ ಉದ್ದದ್ದು ಎಂದಿತ್ತಲ್ಲ? ಗೈಡ್ ಸರಿಯೋ ನೀವೋ? ಗೆದ್ದವರನ್ನು ಬಿಟ್ಟು ಬಿದ್ದವರ ಹೆಸರಿಡುವುದೂ ಉಂಟೇ? ಇಳಿಯುವಾಗ ಸ್ವಲ್ಪ ದೂರ ನಡೆದೆವು, ಆಗ ತೆಗೆದ ಒಂದು ಫೋಟೋ ಇಟ್ಟಿದ್ದೇನೆ. ಇಂತಿ, ನಿವೃತ್ತ ಭೂಗೋಳ ಮೇಷ್ಟ್ರು, ದಾವಣಗೆರೆ."

ಸಂಪಾದಕರ ಉತ್ತರ:

ಮೇಷ್ಟ್ರೇ, ಗೈಡ್ ಸರಿ, ನಾವು ತಪ್ಪು. ಕಿಟ್ಸ್‌ಬ್ಯೂಲ್‌ನ ಸ್ಟ್ರೈಫ್ ಹಾದಿ 3312 ಮೀಟರ್. ನೀವು ಹಸು ಕಂಡ ಲೌಬರ್‌ಹಾರ್ನ್ ಹಾದಿ ಸುಮಾರು ನಾಲ್ಕೂವರೆ ಕಿಲೋಮೀಟರ್, ವಿಶ್ವಕಪ್‌ನ ಡೌನ್‌ಹಿಲ್, ಅಂದರೆ ಗುಡ್ಡದ ಮೇಲಿಂದ ಕೆಳಕ್ಕೆ ವೇಗವಾಗಿ ಜಾರುವ, ಓಟಗಳಲ್ಲೇ ಉದ್ದನೆಯದು. ಸ್ಟ್ರೈಫ್ ಹೆಚ್ಚು ಭಯಂಕರ ಎಂದು ಬರೆಯಲು ಹೊರಟವರು ಹೆಚ್ಚು ಉದ್ದ ಎಂದೂ ಸೇರಿಸಿಬಿಟ್ಟರು, ಕರಡು ತಿದ್ದಿದ ನಾನೂ ಕಣ್ಣು ಹಾಯಿಸಿ ಬಿಟ್ಟೆ. ಆರು ತಿಂಗಳ ಮೇಲೆ ತಪ್ಪು ಹಿಡಿದವರು ನೀವೊಬ್ಬರೇ. ಭೂಗೋಳದ ಮೇಷ್ಟ್ರು ಅಂದಮೇಲೆ ಅಷ್ಟಾದರೂ ಬೇಕಲ್ಲ.

ನಿಮ್ಮ ವಿಷಯದ ಲೆಕ್ಕವನ್ನೇ ಮೊದಲು ಹೇಳಿಬಿಡುತ್ತೇನೆ. ಸ್ಪರ್ಧಿಗಳು ಹೊರಡುವ ಜಾಗ ಸಮುದ್ರಮಟ್ಟದಿಂದ 2315 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯ ನೆತ್ತಿಗಿಂತ ನಾನೂರು ಮೀಟರ್‌ನಷ್ಟು ಮೇಲೆ. ಮುಗಿಯುವುದು ವೆಂಗೆನ್ ಊರಿನ ಅಂಚಿನಲ್ಲಿ, 1287 ಮೀಟರ್‌ನಲ್ಲಿ. ಎಂದರೆ 1028 ಮೀಟರ್ ಇಳಿತ, ಅದೂ ಎರಡೂವರೆ ನಿಮಿಷದೊಳಗೆ. 1997ರಲ್ಲಿ ಇಟಲಿಯ ಕ್ರಿಸ್ಟಿಯನ್ ಘೆಡಿನಾ 2 ನಿಮಿಷ 24.23 ಸೆಕೆಂಡಿನಲ್ಲಿ ಇಳಿದರು. ಆ ದಾಖಲೆ ಕಾಲು ಶತಮಾನಕ್ಕೂ ಮಿಕ್ಕಿ ಅಲುಗಲಿಲ್ಲ. ಅದೇ ಚಳಿಗಾಲದಲ್ಲಿ ಕಿಟ್ಸ್‌ಬ್ಯೂಲ್‌ನಲ್ಲಿ ಫ್ರಿಟ್ಸ್ ಸ್ಟ್ರೋಬ್ಲ್ 1 ನಿಮಿಷ 51.58 ಸೆಕೆಂಡಿನ ದಾಖಲೆ ಬರೆದರು. ಭಾಗಿಸಿ ನೋಡಿ: ಘೆಡಿನಾ ಅವರ ಸರಾಸರಿ ವೇಗ ಗಂಟೆಗೆ 110 ಕಿ.ಮೀ. ದಾಟುತ್ತದೆ, ಸ್ಟ್ರೋಬ್ಲ್ ಅವರದು 107ರ ಆಸುಪಾಸು. ಭಯಂಕರ ಎನಿಸಿಕೊಂಡ ಹಾದಿಗಿಂತ ಉದ್ದದ ಹಾದಿಯೇ ವೇಗದ್ದು! ಕಡಿದಾದ ಕಡೆ ತಿರುವುಗಳೂ ಬಿಗಿ, ಅಲ್ಲಿ ವೇಗ ಕಳೆದುಕೊಳ್ಳದೆ ವಿಧಿಯಿಲ್ಲ. ಲೌಬರ್‌ಹಾರ್ನ್‌ನಲ್ಲಿ ಮೈ ಮಡಚಿ ಬಿಟ್ಟ ಬಾಣದ ಹಾಗೆ ಜಾರುವ ನೇರ ಜಾಗಗಳು ಹೆಚ್ಚು. ಹಾನೆಗ್‌ಶುಸ್ ಎಂಬಲ್ಲಿ 2013ರಲ್ಲಿ ಫ್ರಾನ್ಸಿನ ಯೋಹಾನ್ ಕ್ಲಾರೆ ಗಂಟೆಗೆ 161.9 ಕಿ.ಮೀ. ವೇಗದಲ್ಲಿ ಹಾದುಹೋದರು. ನಮ್ಮ ಹೆದ್ದಾರಿಯಲ್ಲಿ ಕಾರಿಗೂ ದಂಡ ಬೀಳುವ ವೇಗ ಅದು, ಇವರು ಎರಡು ಹಲಗೆಯ ಮೇಲೆ ನಿಂತಿರುತ್ತಾರೆ.

ಇನ್ನು ಹೆಸರುಗಳ ಕಥೆ. ನಿಮ್ಮ ಪತ್ರ ಬಂದಾಗ ಎರಡು ಸಾಲಿನಲ್ಲಿ ಉತ್ತರಿಸಿ ಮುಗಿಸೋಣ ಅಂದುಕೊಂಡಿದ್ದೆ. ಕೆದಕುತ್ತ ಹೋದರೆ ಪುಟ ಸಾಲದಾಯಿತು.

ಕಥೆ ಶುರುವಾಗುವುದು ಇಂಗ್ಲಿಷರಿಂದ. ನೀವು ಹತ್ತಿದ ವೆಂಗರ್ನ್ಆಲ್ಪ್ ರೈಲು 1893ರದು. ಚಳಿಗಾಲ ಕಳೆಯಲು ಬರುತ್ತಿದ್ದ ಇಂಗ್ಲಿಷ್ ಪ್ರವಾಸಿಗರು ಈ ರೈಲನ್ನು ಬಹಳ ಜಾಣತನದಿಂದ ಬಳಸಿಕೊಂಡರು. ಗುಡ್ಡ ಹತ್ತಲು ರೈಲು, ಇಳಿಯಲು ಸ್ಕೀ. 1925ರಲ್ಲಿ ವೆಂಗೆನ್‌ನಲ್ಲಿ ಒಂದು ಕ್ಲಬ್ಬನ್ನೇ ಕಟ್ಟಿ ಅದಕ್ಕೆ 'ಡೌನ್‌ಹಿಲ್ ಓನ್ಲಿ' ಎಂದು ಹೆಸರಿಟ್ಟರು. ಇಳಿಯುವುದಷ್ಟೇ ನಮ್ಮ ಕೆಲಸ ಎಂದು ಎದೆ ತಟ್ಟಿ ಹೇಳಿದಂತೆ! ಕಣಿವೆಯಾಚೆಯ ಮ್ಯೂರೆನ್‌ನಲ್ಲಿ ಆರ್ನಾಲ್ಡ್ ಲನ್ ಎಂಬ ಇನ್ನೊಬ್ಬ ಇಂಗ್ಲಿಷಿನವರು 1922ರಲ್ಲೇ ಕಂಬಗಳ ನಡುವೆ ಹಾವಿನಂತೆ ಹೊರಳುವ ಸ್ಲಾಲಂ ಓಟಕ್ಕೆ ಈಗಿನ ರೂಪ ಕೊಟ್ಟಿದ್ದರು. ಗುಡ್ಡ ಸ್ವಿಸ್ಸರದು, ರೈಲು ಸ್ವಿಸ್ಸರದು, ಓಟ ಮಾತ್ರ ಇಂಗ್ಲಿಷರದು. ವೆಂಗೆನ್‌ನ ಎರ್ನ್‌ಸ್ಟ್ ಗೆರ್ಚ್‌ಗೆ ಇದು ಒಪ್ಪಿಗೆಯಾಗಲಿಲ್ಲ. ನಮ್ಮೂರ ಹುಡುಗರೇನು ಕಡಿಮೆ ಎಂದು 1930ರ ಫೆಬ್ರುವರಿಯಲ್ಲಿ ಲೌಬರ್‌ಹಾರ್ನ್ ಓಟ ಏರ್ಪಡಿಸಿದರು. ಡೌನ್‌ಹಿಲ್ ಗೆದ್ದವರು ಕ್ರಿಸ್ಟಿಯನ್ ರೂಬಿ, ಸ್ಲಾಲಂ ಗೆದ್ದವರು ಸ್ವತಃ ಗೆರ್ಚ್. ಆದರೆ ಎರಡನ್ನೂ ಕೂಡಿಸಿ ನೋಡಿದಾಗ ಮೊದಲು ನಿಂತವರು ಬಿಲ್ ಬ್ರಾಕನ್, ಇಂಗ್ಲಿಷಿನವರೇ!

ಗೆರ್ಚ್ ಹಟ ಬಿಡಲಿಲ್ಲ. ದಶಕಗಳ ಕಾಲ ಅವರೇ ಓಟ ನಡೆಸಿದರು. ಆಮೇಲೆ ಮಗ ವಿಕ್ಟರ್, 2012ರವರೆಗೆ. ಜಾತ್ರೆ ನಡೆಸುವ ಹಕ್ಕು ಒಂದೇ ಮನೆತನದಲ್ಲಿ ಇಳಿದು ಬರುವುದು ನಮಗೆ ಹೊಸದಲ್ಲ ಬಿಡಿ.

ಎರಡನೆಯ ಮಹಾಯುದ್ಧದಲ್ಲಿ ಸ್ವಿಟ್ಜರ್ಲೆಂಡ್ ಯಾರ ಪಕ್ಷವೂ ವಹಿಸದ ಕಾರಣ ಇಲ್ಲಿ ಓಟ ನಡೆಯುತ್ತಲೇ ಇತ್ತು. ಆ ಕಾಲದ ಹೀರೋ ಊರಿನವರೇ ಆದ ಕಾರ್ಲ್ ಮೋಲಿಟರ್. 1939ರಿಂದ 1947ರೊಳಗೆ ಡೌನ್‌ಹಿಲ್ಲನ್ನೇ ಆರು ಸಲ ಗೆದ್ದರು. ಅವರ ಹೆಸರಿನ ಸ್ಕೀ ಬೂಟುಗಳು ಮುಂದೆ ಬಹಳ ಪ್ರಸಿದ್ಧವಾದವು. ಈಗ ನಿಮ್ಮ ಪ್ರಶ್ನೆಗೆ ಬರೋಣ. ಆರು ಸಲ ಗೆದ್ದ, ಅದೂ ಊರಿನ ಮಗನ ಹೆಸರು ಈ ಹಾದಿಯ ಯಾವ ಹೆಸರಾಂತ ತಿರುವಿಗಾದರೂ ಇದೆಯೇ? ಇಲ್ಲ.

ಯಾರ ಹೆಸರಿದೆ? ಮೇಲಿನಿಂದ ಇಳಿಯುತ್ತ ಬನ್ನಿ. ಒಂದು ನಿಮಿಷವೂ ಆಗುವ ಮೊದಲೇ ಹುಂಡ್‌ಶೋಪ್ಫ್ ಸಿಗುತ್ತದೆ. ನಾಯಿತಲೆ ಎಂದು ಅರ್ಥ. ಬಂಡೆಗೂ ಸ್ಪರ್ಧಿಗಳನ್ನು ತಡೆಯಲು ಕಟ್ಟಿದ ಬಲೆಗೂ ನಡುವಿನ ಸಂದಿಯೊಳಗೆ ನುಗ್ಗಿ ಅಂತರದಲ್ಲಿ ಹಾರಬೇಕು, ಕೆಳಗೆ ನೆಲ ಇದೆ ಎಂಬ ನಂಬಿಕೆಯ ಮೇಲೆ. ಅದನ್ನು ದಾಟಿ ಉಸಿರು ಬಿಡುವಷ್ಟರಲ್ಲಿ ಮಿನ್ಷ್ ಅಂಚು. 1965ರಲ್ಲಿ ಸ್ವಿಸ್ ಸ್ಪರ್ಧಿ ಯೋಸ್ ಮಿನ್ಷ್ ಇಲ್ಲಿ ಬಿದ್ದು ಗಂಭೀರವಾಗಿ ಗಾಯಗೊಂಡರು. ಅಲ್ಲಿಂದ ಮುಂದಿನದು ಕೆನಡಿಯನ್ ಕಾರ್ನರ್. ಎಪ್ಪತ್ತರ ದಶಕದಲ್ಲಿ ಕೆನಡಾದಿಂದ ಬಂದ ಹುಡುಗರ ತಂಡವೊಂದಿತ್ತು. ಜೀವದ ಹಂಗಿಲ್ಲದೆ ಇಳಿಯುತ್ತಿದ್ದುದಕ್ಕೆ ಪತ್ರಕರ್ತರು ಅವರನ್ನು 'ಕ್ರೇಜಿ ಕನಕ್ಸ್', ಅಂದರೆ ಹುಚ್ಚು ಕೆನಡಿಯನ್ನರು, ಎಂದು ಕರೆದರು. 1976ರಲ್ಲಿ ಆ ತಂಡದ ಡೇವ್ ಅರ್ವಿನ್, ಕೆನ್ ರೀಡ್ ಇಬ್ಬರೂ ಈ ತಿರುವನ್ನು ಬೇರೆಯವರು ಯಾರೂ ತೆಗೆದುಕೊಳ್ಳದ ವೇಗದಲ್ಲಿ ತೆಗೆದುಕೊಂಡು, ಒಬ್ಬರ ಹಿಂದೊಬ್ಬರು ನೆಲ ಕಚ್ಚಿದರು.

ಸ್ವಲ್ಪ ಕೆಳಗೆ, ಕಿರಿದಾದ ಆಲ್ಪ್‌ವೆಗ್ ದಾರಿ ಮುಗಿದಲ್ಲಿ, ಎಸ್ ಆಕಾರದ ಬಿಗಿ ತಿರುವು. ಮೊದಲು ಇದಕ್ಕೆ ಬ್ರ್ಯೂಗ್ಲಿ-ಎಸ್, ಅಂದರೆ ಪುಟ್ಟ ಸೇತುವೆಯ ತಿರುವು ಎಂಬ ಹೆಸರಿತ್ತು. 1997ರಲ್ಲಿ ಸ್ವಿಸ್ ಸ್ಪರ್ಧಿ ಬ್ರೂನೋ ಕೆರ್ನನ್ ಇಲ್ಲಿ ಭೀಕರವಾಗಿ ಬಿದ್ದರು. ಈಗ ಅದು ಕೆರ್ನನ್-ಎಸ್. ನಿಧಾನದ ತಿರುವು ಎಂದು ಇದನ್ನು ಕಡೆಗಣಿಸುವಂತಿಲ್ಲ. ಇದರ ಮುಂದೆ ಲಾಂಗೆನ್‌ಟ್ರೆಯೆನ್ ಎಂಬ ಚಪ್ಪಟೆ ಜಾಗ ಉದ್ದಕ್ಕೆ ಬಿದ್ದಿದೆ. ತಿರುವಿನಲ್ಲಿ ಒಂದಿಷ್ಟು ವೇಗ ಸೋರಿಹೋದರೆ ಆ ನಷ್ಟವನ್ನು ಚಪ್ಪಟೆಯ ಕೊನೆಯವರೆಗೂ ಹೊತ್ತು ಸಾಗಬೇಕು. ಹಾಗಾಗಿ ಅನೇಕರು ಇಲ್ಲಿ ಆಸೆಗೆ ಬಿದ್ದು ಕೆಡುತ್ತಾರೆ.

ಗುರಿ ಇನ್ನೇನು ಬಂತು ಎನ್ನುವಲ್ಲಿ 'ಆಸ್ಟ್ರಿಯನ್ನರ ಗುಂಡಿ' ಇದೆ. ನನಗೆ ಎಲ್ಲಕ್ಕಿಂತ ಇಷ್ಟವಾದ ಹೆಸರು ಇದು. ಸ್ಕೀ ವಿಷಯದಲ್ಲಿ ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್ ಎಂದರೆ ಅಕ್ಕಪಕ್ಕದ ಮನೆಯ ಓರಗಿತ್ತಿಯರಿದ್ದಂತೆ. 1954ರಲ್ಲಿ ಟೋನಿ ಝೈಲರ್, ಆಂಡರ್ಲ್ ಮೋಲ್ಟರರ್, ವಾಲ್ಟರ್ ಶೂಸ್ಟರ್, ಮೂವರೂ ಆಸ್ಟ್ರಿಯಾದ ಹುಲಿಗಳೇ, ಒಂದೇ ಜಾಗದಲ್ಲಿ ಉರುಳಿದರು. ಸ್ವಿಸ್ಸರು ಹೆಸರಿಡಲು ತಡಮಾಡಲಿಲ್ಲ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಮಾತು ನಮ್ಮಲ್ಲಿದೆ. ಇಲ್ಲಿ ಮೀಸೆಗೆ ಹತ್ತಿದ ಮಣ್ಣನ್ನು ಒರೆಸಲು ಬಿಡದೆ ನಕ್ಷೆಯಲ್ಲೇ ಗುರುತು ಹಾಕಿ ಇಟ್ಟುಕೊಂಡಿದ್ದಾರೆ.

ಇಷ್ಟು ಓದಿದರೆ ಇದು ಲೇವಡಿ ಎನಿಸಬಹುದು. ನನಗೂ ಮೊದಲು ಹಾಗೇ ಅನಿಸಿತು. ಆದರೆ ಬಿದ್ದವರ ಮುಂದಿನ ಕಥೆ ನೋಡಿ. 1954ರಲ್ಲಿ ಗುಂಡಿಗೆ ಬಿದ್ದ ಝೈಲರ್ 1955ರಲ್ಲಿ ಅದೇ ಓಟ ಗೆದ್ದರು. 56, 57, 58ರಲ್ಲೂ ಅವರೇ. ನಡುವೆ 1956ರ ಕೊರ್ಟಿನಾ ಒಲಿಂಪಿಕ್ಸ್‌ನಲ್ಲಿ ಆಲ್ಪೈನ್ ಸ್ಕೀಯ ಮೂರಕ್ಕೆ ಮೂರು ಚಿನ್ನ. ಕೆನ್ ರೀಡ್ ಬಿದ್ದ ನಾಲ್ಕು ವರ್ಷದ ಮೇಲೆ, 1980ರಲ್ಲಿ, ಮೊದಲು ಕಿಟ್ಸ್‌ಬ್ಯೂಲ್, ಆಮೇಲೆ ಲೌಬರ್‌ಹಾರ್ನ್ ಎರಡನ್ನೂ ಗೆದ್ದರು. ಕೆರ್ನನ್ ಅಂತೂ ಜನವರಿಯಲ್ಲಿ ಬಿದ್ದವರು ಅದೇ ಫೆಬ್ರುವರಿಯಲ್ಲಿ ಇಟಲಿಯ ಸೆಸ್ಟ್ರಿಯೆರೆಯಲ್ಲಿ ಡೌನ್‌ಹಿಲ್ ವಿಶ್ವ ಚಾಂಪಿಯನ್ ಆದರು. 2003ರಲ್ಲಿ ಲೌಬರ್‌ಹಾರ್ನ್ ಕೂಡ ಅವರದಾಯಿತು. ಬಿದ್ದ ಜಾಗವನ್ನೇ ತುಳಿದುಕೊಂಡು ಹೋಗಿ ಗೆದ್ದವರು ಇವರು. ಆದರೂ ಹೆಸರು ನಿಂತದ್ದು ಬಿದ್ದ ದಿನದ್ದೇ. ಒಂದು ಓಟ ಗೆದ್ದವರ ಪಟ್ಟಿ ವರ್ಷಕ್ಕೊಂದು ಸಾಲು ಬೆಳೆಯುತ್ತದೆ, ಅಷ್ಟೂ ಹೆಸರಿಗೆ ಗುಡ್ಡದಲ್ಲಿ ಜಾಗ ಎಲ್ಲಿ? ಬಿದ್ದ ಜಾಗವೋ ಒಂದೇ, ಅದನ್ನು ಬೆರಳು ಮಾಡಿ ತೋರಿಸಬಹುದು. ಮರುದಿನ ಹಾದಿ ಪರೀಕ್ಷಿಸುತ್ತ ಇಳಿಯುವವರಿಗೆ 'ಮಿನ್ಷ್ ಬಿದ್ದಲ್ಲಿ ಹುಷಾರು' ಎಂದರೆ ಬೇರೆ ವಿವರಣೆ ಬೇಕಿಲ್ಲ. ಇದು ನನ್ನ ಊಹೆ, ಒಪ್ಪುವುದು ಬಿಡುವುದು ನಿಮಗೆ ಸೇರಿದ್ದು. ನಮ್ಮ ಹಳ್ಳಿಗಳಲ್ಲೂ 'ಲಾರಿ ಮಗುಚಿದ ತಿರುವು' ಎಂದರೆ ಬಸ್ಸಿನವನು ಸರಿಯಾದ ಜಾಗದಲ್ಲೇ ಇಳಿಸುತ್ತಾನಲ್ಲವೇ?

ಈ ಪದ್ಧತಿಗೆ ಅಪವಾದಗಳೂ ಇವೆ. ಮೇಲ್ಭಾಗದ ಒಂದು ಜಿಗಿತಕ್ಕೆ ಬರ್ನ್‌ಹಾರ್ಡ್ ರುಸ್ಸಿ ಅವರ ಹೆಸರಿದೆ. 1972ರ ಸಪ್ಪೊರೊ ಒಲಿಂಪಿಕ್ಸ್‌ನ ಡೌನ್‌ಹಿಲ್ ಚಿನ್ನ ಗೆದ್ದು, ಮುಂದೆ ಜಗತ್ತಿನ ಅನೇಕ ಓಟದ ಹಾದಿಗಳ ವಿನ್ಯಾಸ ಮಾಡಿದವರು. ಕೆಳಗಿನ ಸಿಲ್ಬರ್‌ಹಾರ್ನ್ ಜಿಗಿತಕ್ಕೆ ಮನುಷ್ಯರ ಹೆಸರೇ ಇಲ್ಲ. ಹಾರುವ ಸ್ಪರ್ಧಿಯ ಹಿಂದೆ ಸಿಲ್ಬರ್‌ಹಾರ್ನ್ ಶಿಖರ ಟಿವಿ ಪರದೆಯಲ್ಲಿ ಸೊಗಸಾಗಿ ಕಾಣಲಿ ಎಂದು ಮಾಡಿದ ಜಿಗಿತ ಅದು. ಕಣ್ಣಿಗೆ ಹಬ್ಬ ನಿಜ, ಆದರೆ ನಾಯಿತಲೆಯ ಗತ್ತು ಅದಕ್ಕೆಲ್ಲಿ ಬಂದೀತು?

ಇನ್ನೊಂದು ಜಾಗ ಉಳಿಯಿತು. ಎಲ್ಲ ಮುಗಿಯಿತು ಎನ್ನುವಾಗ, ಎರಡೂವರೆ ನಿಮಿಷ ಮೈ ಮಡಚಿ ತೊಡೆಗಳು ಕಲ್ಲಾಗಿರುವಾಗ, ಕಡಿದಾದ ಇಳಿಜಾರಿನಲ್ಲಿ ಕೊನೆಯ ಎಸ್ ತಿರುವು ಬರುತ್ತದೆ. 1991ರ ಜನವರಿ 18ರಂದು ಆಸ್ಟ್ರಿಯಾದ ಗೆರ್ನೋಟ್ ರೈನ್‌ಸ್ಟಾಡ್ಲರ್, ಇಪ್ಪತ್ತು ವರ್ಷದ ಹುಡುಗ, ಅರ್ಹತಾ ಸುತ್ತಿನಲ್ಲಿ ಇಲ್ಲಿ ಆಯತಪ್ಪಿ ಬಲೆಗೆ ಬಡಿದ. ಸ್ಕೀಯ ತುದಿ ಬಲೆಗೆ ಸಿಕ್ಕಿಕೊಂಡಿತು. ಅದೇ ರಾತ್ರಿ ಇಂಟರ್‌ಲಾಕೆನ್ ಆಸ್ಪತ್ರೆಯಲ್ಲಿ ತೀರಿಕೊಂಡ. ಆ ವರ್ಷದ ಓಟ ನಡೆಯಲಿಲ್ಲ. ಆಮೇಲೆ ಸ್ಕೀ ಸಿಕ್ಕಿಹಾಕಿಕೊಳ್ಳದಂತೆ ಬಲೆಗಳನ್ನು ಬದಲಿಸಿದರು. ಆದರೆ ಈ ತಿರುವಿಗೆ ಅವನ ಹೆಸರಿಡಲಿಲ್ಲ. ಇಂದಿಗೂ ಅದು ಬರೀ ಸೀಲ್-ಎಸ್, ಗುರಿಯ ತಿರುವು. ನಮ್ಮಲ್ಲಿ ಸತ್ತವರಿಗೆ ವೀರಗಲ್ಲು ನಿಲ್ಲಿಸುತ್ತಿದ್ದರು, ಬಿದ್ದು ಎದ್ದವರಿಗೆ ಕಲ್ಲಿಲ್ಲ. ಇಲ್ಲಿ ಅದು ತಿರುವುಮುರುವು. ಎದ್ದು ನಡೆದವರ ಹೆಸರನ್ನು ನಗುತ್ತ ಕರೆಯಬಹುದು, ಏಳದವನ ಹೆಸರನ್ನು ಮೈಕಿನಲ್ಲಿ ಕೂಗಲು ಬಾಯಿ ಬರುವುದಿಲ್ಲ ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ.

ಅದೇ ತಿರುವಿನಲ್ಲಿ 2024ರ ಜನವರಿಯಲ್ಲಿ ನಾರ್ವೆಯ ಅಲೆಕ್ಸಾಂಡರ್ ಆಮೋಟ್ ಕಿಲ್ಡೆ ಬಿದ್ದರು. ಭುಜದ ಕೀಲು ತಪ್ಪಿತು, ಸ್ಕೀಯ ಹರಿತ ಅಂಚು ಮೀನಖಂಡವನ್ನು ಆಳಕ್ಕೆ ಸೀಳಿತು. ಮುಂದಿನ ಋತು ಪೂರ್ತಿ ಅವರು ಓಟಕ್ಕೆ ಇಳಿಯಲಾಗಲಿಲ್ಲ. ಆ ಸಲ ಮೂರು ದಿನದಲ್ಲಿ ಮೂರು ವೇಗದ ಓಟಗಳನ್ನು ಇಟ್ಟಿದ್ದರು. ದಣಿದ ಕಾಲಿಗೆ ವಿಶ್ವಕಪ್‌ನ ಅತಿ ಉದ್ದದ ಹಾದಿ ಕೊಟ್ಟರೆ ಇನ್ನೇನಾದೀತು ಎಂದು ಹಲವರು ಕೇಳಿದರು. ನಾನೂ ಆ ಪಕ್ಷವೇ. ಆ ವಾರದ ಎರಡೂ ಡೌನ್‌ಹಿಲ್ ಗೆದ್ದ ಸ್ವಿಟ್ಜರ್ಲೆಂಡಿನ ಮಾರ್ಕೊ ಓಡರ್‌ಮಟ್ 2025ರಲ್ಲೂ ಗೆದ್ದರು.

ಮತ್ತೆ ಅಲ್ಲಿಗೆ ಹೋಗುವುದಿದ್ದರೆ ಜನವರಿಯ ನಡುವಿನ ವಾರಾಂತ್ಯ ನೋಡಿಕೊಂಡು ಹೋಗಿ. ವೆಂಗೆನ್‌ಗೆ ಕಾರು ಹೋಗುವ ರಸ್ತೆ ಇಲ್ಲ. ಓಟ ನೋಡಲು ಬರುವ ಸಾವಿರಾರು ಜನರಲ್ಲಿ ಹೆಚ್ಚಿನವರು ನೀವು ಹತ್ತಿದ ರೈಲಿನಲ್ಲೇ ಬರುತ್ತಾರೆ, ಹಾಗಾಗಿ ಮುಂಜಾನೆಯೇ ಹೊರಡಿ. ಅಮ್ಮಾವ್ರಿಗೆ ದಪ್ಪ ಸ್ವೆಟರ್ ಮರೆಯಬೇಡಿ.

ಕೊನೆಯದಾಗಿ ನಿಮ್ಮ ಫೋಟೋ. ಹಿಂಬದಿಯಲ್ಲಿ 'ರೈಲುಹಳಿ ಕೆಳಗೆ ಯಾವುದೋ ಮೋರಿ, ಹಸು ಸಮೇತ' ಎಂದು ಪೆನ್ಸಿಲಿನಲ್ಲಿ ಬರೆದಿದ್ದೀರಿ. ಮೇಷ್ಟ್ರೇ, ಅದು ಮೋರಿಯಲ್ಲ, ವಾಸರ್‌ಸ್ಟೇಷನ್. ಹಿಂದೆ ಉಗಿಬಂಡಿಗಳು ನೀರು ತುಂಬಿಸಿಕೊಳ್ಳುತ್ತಿದ್ದ ಜಾಗ. ಓಟದ ಹಾದಿ ಹಳಿಯನ್ನು ದಾಟುವುದು ಅಲ್ಲೇ, ಆ ಸಂದಿಯೊಳಗಿಂದ. ಕೆರ್ನನ್-ಎಸ್ ದಾಟಿ ಬಂದ ಸ್ಪರ್ಧಿ ಆ ಹಸು ನಿಂತ ಜಾಗದಲ್ಲೇ ತಲೆ ತಗ್ಗಿಸಿ ನುಗ್ಗುತ್ತಾನೆ, ಮೇಲೆ ರೈಲಿನಲ್ಲಿ ಕುಳಿತವರು ಇಣುಕುತ್ತಿರುತ್ತಾರೆ. ಚಿತ್ರವನ್ನು ಇದೇ ಪುಟದಲ್ಲಿ ಹಾಕಿದ್ದೇವೆ. ಜಾಗ ಸಾಲದೆ ಅಂಚು ಕತ್ತರಿಸಬೇಕಾಯಿತು, ಹಸು ಪೂರ್ತಿ ಉಳಿದಿದೆ.